ಹೆಸರು ಹೇಳುವ ಜಾಗ

ಅವರಿಗೆ ಎಡಗಿವಿ ಕೇಳಿಸುವುದಿಲ್ಲವೆಂದೇ ನಾವೆಲ್ಲ ನಂಬಿದ್ದೆವು. ಅಬುಧಾಬಿಯ ಅಂಚಿನ ಮುಸಫ್ಫಾದ ಶಾಬಿಯಾ ಬಡಾವಣೆಯಲ್ಲಿದ್ದ ಅವರ ಮಗಳ ಫ್ಲ್ಯಾಟಿಗೆ ಯಾವಾಗ ಹೋದರೂ ಅವರು ಸೋಫಾದ ಎಡತುದಿಯಲ್ಲಿ, ಗೋಡೆಗೆ ಒತ್ತಿಕೊಂಡು ಕುಳಿತಿರುತ್ತಿದ್ದರು. ಬಂದವರಿಗೆ ಬಲಗಡೆಯ ಜಾಗವೇ ಗತಿ. ಈ ದೇಶದ ಕಾರುಗಳಲ್ಲಿ ಸ್ಟೇರಿಂಗ್ ಎಡಕ್ಕಿರುವುದರಿಂದ, ಮುಂದೆ ಕುಳಿತರೆ ಓಡಿಸುವವರು ಎಡಗಿವಿಯ ಪಕ್ಕಕ್ಕೆ ಬರುತ್ತಾರೆಂದು ಅವರು ಎಂದೂ ಮುಂದಿನ ಸೀಟಿನಲ್ಲಿ ಕೂತವರಲ್ಲ. ಹಿಂದಿನ ಸೀಟಿನ ಎಡಮೂಲೆ ಹಿಡಿದು, ಕಿವಿಯನ್ನು ಕಿಟಕಿಯ ಗಾಜಿಗೆ ಆನಿಸಿ, "ಹಾಂ, ಹೋಗುವ" ಎನ್ನುತ್ತಿದ್ದರು.

"ಎರಡೂ ಕಿವಿ ಸರಿ ಉಂಟು ಟೀಚರ್" ಎಂದು ಒಂದು ದಿನ ಅವರ ಮಗಳು ಅಡುಗೆಮನೆಯಲ್ಲಿ ದನಿ ತಗ್ಗಿಸಿ ಹೇಳಿದಳು. ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಕೆ. "ನಾನೇ ಟೆಸ್ಟ್ ಮಾಡಿಸಿದ್ದೇನೆ. ಪಪ್ಪನಿಗೆ ಆ ಬದಿಯಿಂದ ಯಾರೂ ಮಾತಾಡುವುದು ಬೇಡ, ಅಷ್ಟೇ."

ಆಕೆಯ ಪುಟ್ಟ ಮಗಳು ಒಮ್ಮೆ ಶಾಲೆಯಿಂದ ಬಂದವಳೇ ಬ್ಯಾಗು ಬಿಸಾಡಿ, ಅಜ್ಜನ ಕಿವಿಗೆ ಬಾಯಿಟ್ಟು ಏನೋ ಗುಟ್ಟು ಹೇಳಲು ಹೋದಳು. ಅವರು ಬೆಂಕಿ ತಾಗಿದವರಂತೆ ತಲೆ ಹಿಂದೆಳೆದರು. ಮರುಕ್ಷಣವೇ ಸಾವರಿಸಿಕೊಂಡು ಮಗುವಿನ ಗಲ್ಲ ಸವರಿ, "ಜೋರಾಗಿ ಹೇಳು ಮಗಾ, ಎಲ್ಲರಿಗೂ ಕೇಳಲಿ" ಎಂದರು. ಮಗು ನನ್ನತ್ತ ತಿರುಗಿ, "ಗ್ರ್ಯಾಂಪಾ ಹೇಟ್ಸ್ ಸೀಕ್ರೆಟ್ಸ್, ಆಂಟಿ" ಎಂದು ವರದಿ ಒಪ್ಪಿಸಿ ಒಳಗೆ ಹೋಯಿತು.

ನಾನು ಧಾರವಾಡದವಳು. ಮುಸಫ್ಫಾದ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಲೋಹ ಪರೀಕ್ಷಿಸುವ ಕೆಲಸ. ರಜೆಯ ದಿನಗಳಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಅದಕ್ಕೇ ಎಲ್ಲರ ಬಾಯಲ್ಲೂ 'ಟೀಚರ್' ಆಗಿದ್ದೇನೆ. ದೊಡ್ಡವರಿಗಾಗಿ ನಾವು ಕೆಲವರು ಕಟ್ಟಿಕೊಂಡ ಒಂದು ವಿಚಾರಕೂಟವೂ ಇದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳಿಗೆ ಒಂದು ನಂಬಿಕೆ ಗಟ್ಟಿಯಾಗಿತ್ತು: ಮನುಷ್ಯನ ಭಯಗಳಲ್ಲಿ ಬಹುಪಾಲು ಅಜ್ಞಾನದಿಂದ ಹುಟ್ಟುತ್ತವೆ, ಮತ್ತು ಅಜ್ಞಾನವನ್ನು ಪ್ರಮಾಣದಿಂದ ಕಳೆಯಬಹುದು. ಆ ನಂಬಿಕೆಯನ್ನು ನಾನು ಇಂದಿಗೂ ಬಿಟ್ಟುಕೊಟ್ಟಿಲ್ಲ. ಆದರೆ ಅದರಾಚೆ ಒಂದು ಪ್ರದೇಶವಿದೆ ಎಂದು ತೋರಿಸಿಕೊಟ್ಟವರು ಈ ಹಿರಿಯರು. ಅವರೀಗ ಇಲ್ಲ.

ತರಗತಿಯ ಕೀಬೋರ್ಡ್ ಕೆಟ್ಟಾಗ ಅದನ್ನು ಸರಿಮಾಡಿಸಲು ಹೋಗಿ ಅವರ ಪರಿಚಯವಾದದ್ದು. ಎಪ್ಪತ್ತು ದಾಟಿದ, ಮಂಗಳೂರಿನ ಕಡೆಯ ಕೊಂಕಣಿ ಕ್ರೈಸ್ತರು. ಯೌವನದಲ್ಲಿ ದುಬೈಗೆ ಬಂದು ಹೋಟೆಲುಗಳ ಲಾಬಿಯಲ್ಲಿ ಆರ್ಗನ್ ನುಡಿಸಿದವರು. ಆಮೇಲೆ ಅಲ್ಲಿಯದೇ ದೇರಾ ಬಡಾವಣೆಯ ಒಂದು ವಾದ್ಯದ ಅಂಗಡಿಯಲ್ಲಿ ರಿಪೇರಿ ಮಾಡುತ್ತ ಮುಪ್ಪಾದವರು. ಕೊನೆಗೆ ಮಗಳ ವೀಸಾದ ಮೇಲೆ ಅಬುಧಾಬಿ ಸೇರಿದವರು.

"ಈ ದೇಶದಲ್ಲಿ ನನ್ನಷ್ಟು ಹ್ಯಾಪಿ ಬರ್ತ್‌ಡೇ ಬಾರಿಸಿದವ ಇನ್ನೊಬ್ಬ ಇರ್ಲಿಕ್ಕಿಲ್ಲ" ಎನ್ನುತ್ತಿದ್ದರು. "ಕೇಕ್ ಮಾತ್ರ ಒಂದು ತುಂಡು ಸಿಗ್ಲಿಲ್ಲ ಮಾರಾಯ್ರೆ."

ನನ್ನ ವಾದದ ಚಟವನ್ನು ಅವರು ಪ್ರೀತಿಯಿಂದಲೇ ಲೇವಡಿ ಮಾಡುತ್ತಿದ್ದರು.

"ಮೀನು ಸಹ ತಿನ್ನದೆ ಇಷ್ಟು ಜಗಳಕ್ಕೆ ಶಕ್ತಿ ಎಲ್ಲಿಂದ ಟೀಚರ್?"

"ಜ್ವಾಳದ ರೊಟ್ಟಿ ಅದಾವಲ್ರಿ ಅಂಕಲ್."

"ಹಾಗಾದ್ರೆ ನನಗೆ ಕೊಡ್ಬೇಡಿ. ನನಗೆ ಜಗಳ ಸಾಕಾಗಿದೆ."

ಮುಸಫ್ಫಾದ ಚರ್ಚಿನಲ್ಲಿ ನಾಮಕರಣಕ್ಕೆ ಕರೆದರೆ ನುಡಿಸಲು ಹೋಗುತ್ತಿದ್ದರು, ಮದುವೆಗೂ ಹೋಗುತ್ತಿದ್ದರು. ಸತ್ತವರಿಗಾಗಿ ನಡೆಯುವ ಬಲಿಪೂಜೆಗೆ ಮಾತ್ರ ಎಷ್ಟು ಹತ್ತಿರದವರು ಕರೆದರೂ ಒಪ್ಪುತ್ತಿರಲಿಲ್ಲ. "ಎರಡಕ್ಕೆ ಬರ್ತೇನೆ. ಮೂರನೆಯದ್ದಕ್ಕೆ ಬೇರೆ ಯಾರನ್ನಾದ್ರೂ ನೋಡಿ." ಇದಿಷ್ಟೇ ಉತ್ತರ. ವಯಸ್ಸಾದವರ ಅಂಜಿಕೆ ಇರಬಹುದೆಂದು ನಾನು ಅದನ್ನು ಕೆದಕಿರಲಿಲ್ಲ.

ಕೆದಕಿದವನು ಲ್ಯಾನ್ಸಿ. ನಮ್ಮ ಕೂಟದ ಕಾರ್ಯದರ್ಶಿ, ದೇರಾದ ಒಂದು ಹೋಟೆಲಿನಲ್ಲಿ ಏಸಿ ವಿಭಾಗದ ಸೂಪರ್‌ವೈಸರ್, ಎರಡು ಮಕ್ಕಳ ತಂದೆ. ನಮ್ಮ ಪ್ರತಿ ಕಾರ್ಯಕ್ರಮದ ನಿರೂಪಕ ಅವನೇ. ಮೈಕು ಕೈಗೆ ಬಂದರೆ ಸತ್ತವರೂ ಎದ್ದು ನಗಬೇಕು ಎನ್ನುವಂಥ ಹಾಸ್ಯಗಾರ. ಒಂದು ಶನಿವಾರ ಅವನು ತನ್ನ ಫೋನನ್ನು ನನ್ನ ಮುಖಕ್ಕೆ ಹಿಡಿದ.

"ಟೀಚರ್, ನಮ್ಮ ಅಂಕಲ್ ಸೈತಾನನ ಬ್ಯಾಂಡಿನವರಂತೆ! ನೋಡಿ ಮಾರಾಯ್ರೆ!"

ಕಪ್ಪು ಬಿಳುಪಿನ ಚಿತ್ರ. ಹೆಗಲವರೆಗೆ ಕೂದಲು ಬಿಟ್ಟ ನಾಲ್ವರು ತರುಣರು, ಪಾದ್ರಿಗಳು ತೊಡುವ ಕರಿಯ ಜರಿಯ ನಿಲುವಂಗಿಗಳಲ್ಲಿ, ಕರಿಬಟ್ಟೆ ಹೊದಿಸಿದ ಶವಪೆಟ್ಟಿಗೆಯೊಂದರ ಸುತ್ತ ನಿಂತಿದ್ದಾರೆ. ಎಡತುದಿಯಲ್ಲಿ, ಆರ್ಗನ್ನಿನ ಹಿಂದೆ, ನಗುತ್ತಿರುವವರು ನಮ್ಮ ಅಂಕಲ್. ಎಪ್ಪತ್ತರ ದಶಕದ ಆರಂಭದ ಮುಂಬಯಿ. ಬ್ಯಾಂಡಿನ ಹೆಸರು 'ಸೆಕೆಂಡ್ ನವೆಂಬರ್', ಅಂದರೆ ಕ್ರೈಸ್ತರು ತಮ್ಮ ಸತ್ತವರೆಲ್ಲರನ್ನು ನೆನೆಯುವ ದಿನ. ಹಳೆಯ ಧ್ವನಿಮುದ್ರಿಕೆಗಳನ್ನು ಸಂಗ್ರಹಿಸುವ ಯಾರೋ ವಿದೇಶದವರು ಅವರ ಒಂದೇ ಒಂದು ಹಾಡನ್ನು ಅಂತರ್ಜಾಲಕ್ಕೆ ಏರಿಸಿದ್ದರು. ಕೇಳಿದೆವು. ಗುಡುಗುವ ಗಿಟಾರಿನ ನಡುವೆ ಲ್ಯಾಟಿನ್ ಪ್ರಾರ್ಥನೆ. ಅದರ ಕೆಳಗೆ ನೀರಿನಂತೆ ಹರಿಯುವ ಆರ್ಗನ್. ಹಾಡಿನ ನಟ್ಟನಡುವೆ ಎಲ್ಲ ಒಮ್ಮೆಲೇ ನಿಂತು, ಬರಿಯ ಮೌನ. ಆಮೇಲೆ ಮತ್ತೆ ಶುರು.

"ಇಲ್ಲಿ ಯಾಕ ನಿಂತದ?" ಎಂದೆ.

"ಯಾರಿಗೊತ್ತು ಟೀಚರ್. ಕರೆಂಟ್ ಹೋಗಿರ್ಬೇಕು" ಎಂದು ಲ್ಯಾನ್ಸಿ ನಕ್ಕ.

ನನಗೋ, ಬಯಸಿದ್ದ ವಸ್ತು ಕೈಗೆ ಸಿಕ್ಕಿತ್ತು. ಮಾಟ, ಶಾಪ, ದೃಷ್ಟಿ ಎಂದು ಹೆದರುವ ನಮ್ಮ ಜನರ ಮುಂದೆ ಈ ಹಾಡನ್ನು ನುಡಿಸಿ, ಈ ಬ್ಯಾಂಡಿನ ಕಥೆಯನ್ನು ಅವರಿಂದಲೇ ಹೇಳಿಸಿ, ಇದೆಲ್ಲ ಬಟ್ಟೆಬರೆಯ ಆಟ ಎಂದು ತೋರಿಸುವ ಒಂದು ಸಂಜೆ! ಮರುದಿನವೇ ಅವರ ಬಲಗಡೆ ಹೋಗಿ ಕುಳಿತೆ. ಆ ಚಿತ್ರ ತೋರಿಸಿದಾಗ ಅವರು ಫೋನನ್ನು ನನಗೆ ಮರಳಿಸಿದರು. ಆಮೇಲೆ ಹೇಳತೊಡಗಿದರು. ಒಂದೇ ದಿನದಲ್ಲಿ ಹೇಳಿದ್ದಲ್ಲ. ಹಲವು ಭೇಟಿಗಳಲ್ಲಿ, ನಡುನಡುವೆ ಮೀನಿನ ದರ, ಮಗಳ ಡ್ಯೂಟಿ, ಬ್ಲಡ್ ಪ್ರೆಶರ್ ಎಲ್ಲ ಬೆರೆಸಿ ಹೇಳಿದ್ದು.

ನಾಲ್ವರೂ ಊರಿನ ಒಂದೇ ಚರ್ಚಿನಲ್ಲಿ, ಬಾಲ್ಯದಲ್ಲಿ, ಪಾದ್ರಿಗಳ ಬದಿಯಲ್ಲಿ ನಿಂತು ಪೂಜೆಗೆ ನೆರವಾದವರು. ಲ್ಯಾಟಿನ್ ಪೂಜೆ ಹೋಗಿ ಕೊಂಕಣಿ ಪೂಜೆ ಬಂದ ಕಾಲವದು. ಹಳೆಯ ಪದ್ಧತಿಯ ಕರಿಯ ನಿಲುವಂಗಿಗಳು, ಬೆಳ್ಳಿದಾರದ ಶಿಲುಬೆಯ ಕರಿಬಟ್ಟೆ, ಮತ್ತು ಮೃತದೇಹ ಊರಿಗೆ ತಲುಪದಿದ್ದಾಗ ಅದರ ಬದಲಿಗೆ ಇಟ್ಟು ಪ್ರಾರ್ಥಿಸುತ್ತಿದ್ದ ಖಾಲಿ ಪೆಟ್ಟಿಗೆ, ಎಲ್ಲವೂ ಬೇಡವಾಗಿ ಅಟ್ಟ ಸೇರಿದ್ದವು. ಮುಂಬಯಿಗೆ ಹೋದ ಈ ನಾಲ್ವರು ಬ್ಯಾಂಡ್ ಕಟ್ಟಿದಾಗ, ಬೇಸಿಗೆ ರಜೆಗೆ ಬಂದು ಅವನ್ನು ಕೇಳಿ ಪಡೆದುಕೊಂಡು ಹೋದರು. ಕಾಪಾಡಿ ಇಡುತ್ತೇವೆಂದರು, ಪಾದ್ರಿಗಳು ಖುಷಿಯಿಂದ ಕೊಟ್ಟರು.

"ಬೇರೆ ಬ್ಯಾಂಡಿನವರ ದೆವ್ವ ಎಲ್ಲ ಇಂಪೋರ್ಟೆಡ್ ಮಾಲು ಟೀಚರ್. ರೆಕಾರ್ಡಿನ ಕವರ್ ನೋಡಿ ಬಿಡಿಸಿದ್ದು. ನಮ್ಮದು ಮನೆಯದ್ದು."

ಹಾಡನ್ನೂ ಹಾಗೇ ಕಟ್ಟಿದರು. ಸತ್ತವರ ಪೂಜೆಯ ಲ್ಯಾಟಿನ್ ಅವರಿಗೆ ಅರ್ಥವಿಲ್ಲದೆ ಬಾಯಿಪಾಠವಾಗಿತ್ತು. ಅದರಲ್ಲಿ ಒಂದು ಕಡೆ ಪುಸ್ತಕದಲ್ಲಿ ಹೆಸರಿರುವುದಿಲ್ಲ, ಒಂದು ಕೆಂಪಕ್ಷರ ಮಾತ್ರ. ಪಾದ್ರಿಗಳು ಅಲ್ಲಿಗೆ ಬಂದಾಗ ಉಸಿರು ತೆಗೆದುಕೊಂಡು ಸತ್ತವರ ಹೆಸರು ಹೇಳುತ್ತಿದ್ದರು. ಪೂಜೆಗೆ ನಿಂತ ಹುಡುಗರಿಗೆ ಆ ನಿಲುಗಡೆ ಮೈಗೆ ಹತ್ತಿದ ತಾಳ. ಅದೇ ಹಾಡಿನ ನಡುವಿನ ಮೌನವಾಯಿತು. ಧ್ವನಿಮುದ್ರಿಕೆಯಲ್ಲಿ ಅದನ್ನು ಖಾಲಿ ಬಿಟ್ಟರು. ವೇದಿಕೆಯಲ್ಲಿ ಹಾಡುಗಾರ ಅಲ್ಲಿ ಒಂದು ಹೆಸರು ಹೇಳುತ್ತಿದ್ದ. ಬದುಕಿರುವವರ ಹೆಸರು.

"ಹಾಗೆ ಹೇಳಬಾರದು ಅಂತ ನಮಗೆ ಯಾರೂ ಹೇಳಿರಲಿಲ್ಲ. ಯಾಕೆ ಹೇಳ್ತಾರೆ? ಯಾರೂ ಹಾಗೆ ಮಾಡ್ತಾ ಇರಲಿಲ್ಲ."

ಮೊದಲು ತಮ್ಮದೇ ಹೆಸರುಗಳು, ಸರದಿಯಂತೆ. ಹೆಸರು ಬಂದವನು ಹಾಡು ಮುಗಿದ ಮೇಲೆ ಆ ಪೆಟ್ಟಿಗೆಯ ಮೇಲೆ ಹತ್ತಿ ಕುಣಿಯಬೇಕು. ಜನ ಶಿಳ್ಳೆ ಹೊಡೆಯಬೇಕು. ಆಮೇಲೆ ಕಾಲೇಜು ಹುಡುಗರು ತಮ್ಮ ಹೆಸರು ಹೇಳಿರೆಂದು ಮುಗಿಬಿದ್ದರು. ಆರ್ಗನ್ ವೇದಿಕೆಯ ಅಂಚಿನಲ್ಲಿತ್ತು, ಎಡಮೈ ಜನರ ಕಡೆಗೆ. ನುಡಿಸುತ್ತಿದ್ದಂತೆಯೇ ಜನ ಬಂದು ಬಗ್ಗಿ ಎಡಗಿವಿಯಲ್ಲಿ ಹೆಸರು ಹೇಳುತ್ತಿದ್ದರು. ಅದನ್ನು ಹಾಡುಗಾರನಿಗೆ ದಾಟಿಸುವುದು ಅವರ ಕೆಲಸವಾಯಿತು.

"ಮತ್ತೆ ಬಂದವರು ಬೇರೆ ಜನ ಟೀಚರ್. ರಾಕ್ ಕೇಳ್ಲಿಕ್ಕೆ ಬಂದವರಲ್ಲ. ಆಫೀಸು ಬಿಟ್ಟು ನೇರ ಬಂದವ, ಕೈಯಲ್ಲಿ ಟಿಫಿನ್ ಕ್ಯಾರಿಯರ್. ಕೊಡೆ ಹಿಡಿದ ಒಬ್ಬ ಹೆಂಗಸು, ನನ್ನ ಅಮ್ಮನ ಪ್ರಾಯ. ಅಷ್ಟು ಗಲಾಟೆಯಲ್ಲಿ ಕ್ಯೂ ನಿಂತು ಬಂದು, ನನ್ನ ಕಿವಿಯಲ್ಲಿ ಒಂದು ಹೆಸರು ಹೇಳಿ, 'ನನ್ನ ಸೊಸೆ' ಅಂದ್ರು. 'ಮರೀಬೇಡ ಪುತಾ' ಅಂತ ತಲೆ ಸವರಿ ಹೋದ್ರು."

ಅವರು ಎಡಗಿವಿಯನ್ನು ಅಂಗೈಯಿಂದ ಉಜ್ಜಿಕೊಂಡರು.

"ದೆವ್ವ ಬಂತಾ ಅಂತ ಕೇಳ್ತೀರಲ್ಲ ನೀವು. ನಾನು ದೆವ್ವ ನೋಡ್ಲಿಲ್ಲ. ಈ ಕಿವಿಯಲ್ಲಿ ಜನರನ್ನು ಕೇಳಿದೆ. ಗಂಡನ ಹೆಸರು, ಅಣ್ಣನ ಹೆಸರು, ಹಡೆದ ಮಗನ ಹೆಸರು. ಎಲ್ಲ ಒಳ್ಳೆಯವರು. ಮನೆಗೆ ಹೋಗಿ ರೊಸಾರಿ ಜಪ ಮಾಡುವವರು."

ಅವರು ಒಂದು ಉಪಾಯ ಹೂಡಿದರು. ಯಾರು ಯಾವ ಹೆಸರು ಪಿಸುಗುಟ್ಟಿದರೂ ಹಾಡುಗಾರನಿಗೆ ದಾಟಿಸುತ್ತಿದ್ದುದು ಊರಿನಲ್ಲಿ ಆಗಲೇ ಮಣ್ಣಾದ ಯಾರದೋ ಹೆಸರು, ಅಜ್ಜಿಯದು, ಮೀನು ಮಾರುತ್ತಿದ್ದವಳದು, ಹಳೆಯ ಮೇಷ್ಟ್ರದು. ಸತ್ತವರ ಪ್ರಾರ್ಥನೆ ಸತ್ತವರಿಗೇ ಹೋಗಲಿ ಎಂದು. ಹಾಡುಗಾರನಿಗೆ ತಿಳಿಯಲಿಲ್ಲ, ಹೆಸರು ಕೊಟ್ಟವರಿಗೆ ತಿಳಿಯಿತು. ಸಿಟ್ಟಾದರು. ಕೊನೆಯ ಕಾರ್ಯಕ್ರಮದಲ್ಲಿ, ತಾನು ಕೊಟ್ಟ ಹೆಸರಿನ ಬದಲು ಬೇರೆ ಹೆಸರು ಕೇಳಿದ ಒಬ್ಬನು ಕುರ್ಚಿಯ ಮೇಲೆ ಹತ್ತಿ, ಆ ಮೌನದೊಳಕ್ಕೆ ತಾನೇ ಕೂಗಿ ಹೇಳಿದ. ಅದು ಅವನ ತಮ್ಮನ ಹೆಸರು. ತಮ್ಮನೂ ಅದೇ ಸಭಾಂಗಣದಲ್ಲಿದ್ದ, ಗೆಳೆಯರ ಜೊತೆ ಬಂದಿದ್ದ. ಅಣ್ಣನಿಗೆ ಅದು ಗೊತ್ತಿರಲಿಲ್ಲ.

"ಅವ ಗಲಾಟೆ ಮಾಡ್ಲಿಲ್ಲ. ಅಣ್ಣನನ್ನು ಒಮ್ಮೆ ನೋಡಿ ಹೊರಗೆ ಹೋದ. ಆ ವಾರವೇ ಲೋಕಲ್ ಟ್ರೇನಿನ ಹಳಿಯ ಮೇಲೆ ಸಿಕ್ಕಿದ. ಬಿದ್ದನಾ, ಇಳಿದನಾ, ಯಾರೂ ನೋಡ್ಲಿಲ್ಲ."

ಬ್ಯಾಂಡು ಅಲ್ಲಿಗೆ ಮುರಿಯಿತು. ಒಬ್ಬ ಹಡಗು ಸೇರಿದ, ಒಬ್ಬ ಪಾದ್ರಿಯಾಗಲು ಹೋದ. ಹಾಡುಗಾರನ ಮಾತೆತ್ತಿದರೆ ಅವರು ಎದ್ದು ಬಾಲ್ಕನಿಗೆ ಹೋಗಿಬಿಡುತ್ತಿದ್ದರು.

"ಈಗ ಹೇಳಿ" ಎಂದರು ನನ್ನ ಕಡೆ ತಿರುಗಿ. "ನಮ್ಮ ಮಂತ್ರ ಕೆಲಸ ಮಾಡಿತಾ, ಇಲ್ವಾ?"

"ಅದು ಮಂತ್ರದ ಕೆಲಸ ಅಲ್ರಿ ಅಂಕಲ್. ಅಣ್ಣನ ಮಾತಿನ ಕೆಲಸ. ತನ್ನ ಸಾವು ಬಯಸ್ತಾನ ಅಂತ ಕೇಳಿ ಅವನ ಎದಿ ಒಡೀತು."

"ಹಾಂ. ಸತ್ತವನಿಗೆ ಎಂತ ವ್ಯತ್ಯಾಸ ಟೀಚರ್?"

ಚರ್ಚಾಸ್ಪರ್ಧೆಯಲ್ಲಾದರೆ ಈ ಪ್ರಶ್ನೆಗೆ ಮೂರು ರೀತಿಯ ಉತ್ತರ ಕೊಡಬಲ್ಲೆ. ಅವರೇ ಮುಂದುವರಿಸಿದರು. ಈ ದೇಶದಲ್ಲಿ ಮಾಟ ಮಾಡುವುದು ಕಾನೂನಿನ ಪ್ರಕಾರ ಅಪರಾಧವೆಂದು ಬಂದ ಹೊಸದರಲ್ಲಿ ಯಾರೋ ಹೇಳಿದಾಗ, ಜೊತೆಯವರೆಲ್ಲ ನಕ್ಕರಂತೆ. "ನನಗೆ ಮಾತ್ರ ಸಮಾಧಾನ ಆಯ್ತು. ಇಲ್ಲಿ ಸರ್ಕಾರಕ್ಕೇ ಗೊತ್ತುಂಟು, ಇದು ಆಟ ಅಲ್ಲ ಅಂತ."

ಆದರೂ ನಾನು ಹಿಂಜರಿಯಲಿಲ್ಲ. ಅವರ ಕಥೆ ನನ್ನ ವಾದವನ್ನು ಬಲಪಡಿಸುತ್ತದೆ ಎಂದೇ ತೋರಿತು. ಕೊಂದದ್ದು ಮಂತ್ರವಲ್ಲ, ಮಂತ್ರದ ಮೇಲಿನ ನಂಬಿಕೆ. ಹಾಗಾದರೆ ನಂಬಿಕೆಯನ್ನು ತೆಗೆದುಬಿಟ್ಟರೆ ಆಯಿತಲ್ಲ! ದುಬೈಯಲ್ಲಿ ಹಾಲ್ ಗೊತ್ತುಮಾಡಿ, 'ಹಳೆಯ ಸಂಗೀತದ ಸಂಜೆ' ಎಂದು ಪರವಾನಗಿ ಪಡೆದೆವು. ನಮ್ಮ ತರುಣರು ಹಾಡು ಕಲಿತರು. ಆ ಮೌನದಲ್ಲಿ ಕೂಟದ ಸದಸ್ಯರಾದ ನಾವು ನಮ್ಮ ನಮ್ಮ ಹೆಸರುಗಳನ್ನೇ ಹೇಳಿಸಿಕೊಳ್ಳುವುದು, ಮೊದಲು ನನ್ನದು; ಮರುದಿನ ಎಲ್ಲರೂ ಕೆಲಸಕ್ಕೆ ಹೋಗಿ ಬದುಕಿದ್ದೇವೆಂದು ತೋರಿಸುವುದು. ಇಚ್ಛೆಯುಳ್ಳ ಇತರರೂ ತಮ್ಮ ಹೆಸರು ಕಳಿಸಬಹುದೆಂದು ಗುಂಪಿನಲ್ಲಿ ಪ್ರಕಟಿಸಿದೆ.

ಹೆಸರುಗಳು ಬಂದವು. ಮೊದಮೊದಲು ನಗು ಬರುವಂಥವು. "ಟೀಚರ್, ನಮ್ಮ ಮ್ಯಾನೇಜರ್ ಹೆಸರು ಹಾಕ್ಬಹುದಾ?" "ಟೀಚರ್, ನನ್ನ ರೂಮ್‌ಮೇಟ್, ಗೊರಕೆ ಕೇಸು." ಲ್ಯಾನ್ಸಿ ತನ್ನ ಅತ್ತೆಯ ಹೆಸರನ್ನು ಉದ್ದನೆಯ ಬಿರುದುಗಳೊಡನೆ ರೆಕಾರ್ಡ್ ಮಾಡಿ ಕಳಿಸಿದ, ಅತ್ತೆಯೇ ಪಕ್ಕದಲ್ಲಿ ಕೂತು ನಗುತ್ತಿದ್ದ ಸದ್ದೂ ಅದರಲ್ಲಿತ್ತು. ಆಮೇಲೆ ಬಂದದ್ದು ಒಂದು ವಾಯ್ಸ್ ಮೆಸೇಜ್. ಒಬ್ಬ ಹೆಂಗಸಿನ ಪಿಸುದನಿ. ನಮ್ಮ ಸಭೆಗಳಿಗೆ ತಪ್ಪದೆ ಬರುವವಳು, ಪರಿಚಿತಳು. ತನ್ನ ಗಂಡನ ಪೂರ್ತಿ ಹೆಸರನ್ನು ನಿಧಾನವಾಗಿ ಹೇಳಿ, ಒಂದು ಕ್ಷಣ ಬಿಟ್ಟು, "ನಿಮಗೆ ನಂಬಿಕೆ ಇಲ್ಲ ಅಲ್ವಾ ಟೀಚರ್? ಹಾಗಾದ್ರೆ ಓದ್ಲಿಕ್ಕೆ ಎಂತ ತೊಂದರೆ?" ಎಂದಿದ್ದಳು.

ಆ ದನಿಯಲ್ಲಿ ತಮಾಷೆಯ ಎಳೆಯೂ ಇರಲಿಲ್ಲ. ಅದು ನನ್ನದೇ ತರ್ಕ, ನನಗೇ ಹಿಂದಿರುಗಿ ಬಂದದ್ದು. ನಾನು ಆಕೆಗೆ ಫೋನ್ ಮಾಡಿದೆ, ಎತ್ತಲಿಲ್ಲ. ಇತರರ ಹೆಸರುಗಳನ್ನು ಸ್ವೀಕರಿಸುವುದಿಲ್ಲವೆಂದು ಗುಂಪಿನಲ್ಲಿ ಬರೆದು, ಅಂಕಲ್ ಮನೆಗೆ ಹೋದೆ. ಮೆಸೇಜಿನ ಸಂಗತಿ ಹೇಳಿದೆ.

ಅವರಿಗೆ ಆಶ್ಚರ್ಯವಾಗಲಿಲ್ಲ. "ಒಂದೇ ಬಂತಾ?" ಎಂದರು. "ಇನ್ನೂ ಸಮಯ ಉಂಟು. ಹೆಸರಿನ ಆ ಭಾಗ ಬಿಟ್ಟುಬಿಡಿ ಟೀಚರ್. ಹಾಡು ಬೇಕಾದ್ರೆ ಇರಲಿ."

"ಅಂಜಿ ಬಿಟ್ರ ಅಂಜಿಕೀನ ಗೆದ್ದಂಗ ಆಗ್ತದ್ರಿ. ನಮ್ಮ ಹೆಸರು ಮಾತ್ರ ಓದ್ತೀವಿ. ನೀವು ಬಂದು ನುಡಸ್ರಿ. ನಿಮಗೂ ಈ ಭಾರ ಇಳೀಲಿ."

"ಬರ್ತೇನೆ" ಎಂದರು.

ಸಭಾಂಗಣ ತುಂಬಿತ್ತು. ಆ ಹೆಂಗಸೂ ಬಂದಿದ್ದಳು, ಗಂಡನ ಪಕ್ಕದಲ್ಲೇ ಕುಳಿತು ಪಾಪ್‌ಕಾರ್ನ್ ಹಂಚಿಕೊಳ್ಳುತ್ತಿದ್ದಳು. ಅಂಕಲ್ ಇಸ್ತ್ರಿ ಮಾಡಿದ ಬಿಳಿಯ ಅಂಗಿಯಲ್ಲಿ ಬಂದು, ಕೀಬೋರ್ಡನ್ನು ಹಾಡುವ ಹುಡುಗನ ಹತ್ತಿರಕ್ಕೆ ಎಳೆಸಿಕೊಂಡು, ಎಡಮೈ ಗೋಡೆಗೆ ಕೊಟ್ಟು ಕುಳಿತರು. ಕಥೆ ಹೇಳಲು ಕರೆದಾಗ ಮೈಕಿನಲ್ಲಿ, "ನಾವು ನಾಲ್ಕು ಜನ ಇದ್ದೆವು. ನಮಗೆ ಬುದ್ಧಿ ಇರಲಿಲ್ಲ" ಎಂದಷ್ಟೇ ಹೇಳಿ ಕೈಬಿಟ್ಟರು. ಜನ ನಕ್ಕರು. ಹಾಡು ಶುರುವಾಯಿತು. ಅವರ ವಯಸ್ಸಿನ ಬೆರಳುಗಳಿಂದ ಅಂಥ ನಾದ ಬರುತ್ತದೆಂದು ನಾನು ಊಹಿಸಿರಲಿಲ್ಲ. ಲ್ಯಾಟಿನ್ ಸಾಲುಗಳು ಬಂದವು, ಗಿಟಾರು ನಿಂತಿತು, ಡ್ರಮ್ಮು ನಿಂತಿತು, ಹುಡುಗ ನನ್ನ ಹೆಸರು ಹೇಳಲು ಮೈಕಿಗೆ ಬಗ್ಗಿದ.

ಆರ್ಗನ್ ನಿಲ್ಲಲಿಲ್ಲ.

ಒಂದೇ ಸ್ವರ. ಅವರು ಬೆರಳು ಎತ್ತಲಿಲ್ಲ. ಹುಡುಗ ಕಾದ. ಅವರು ಇನ್ನೊಂದು ಕೈಯಿಂದ ದನಿ ಏರಿಸಿದರು. ಕುರ್ಚಿಗಳು ಸಣ್ಣಗೆ ನಡುಗಿದವು. ಹುಡುಗನ ತುಟಿ ಅಲುಗಿದ್ದು ಕಂಡಿತು, ಏನೂ ಕೇಳಲಿಲ್ಲ. ಅಲ್ಲಿ ಯಾರ ಹೆಸರಿಗೂ ಸಂದು ಇರಲಿಲ್ಲ. ಆಗ ನನಗೆ ಅರ್ಥವಾಯಿತು, ಅವರು ಇದಕ್ಕಾಗಿಯೇ ಬಂದದ್ದು. ಹಿಂದಿನ ಸಾಲಿನಿಂದ ಗೊಣಗಾಟ, ಆಮೇಲೆ ಶಿಳ್ಳೆ. ನಾನು ಎದ್ದು, ಬಿಡಲಿ, ಹಾಗೇ ಇರಲಿ ಎಂದು ಲ್ಯಾನ್ಸಿಗೆ ಕೈಸನ್ನೆ ಮಾಡಿದೆ. ಕಾರ್ಯಕ್ರಮ ಕೈಮೀರುತ್ತಿದೆ, ಉಳಿಸು ಎಂದು ಅವನು ಅದನ್ನು ತಿಳಿದುಕೊಂಡ. ನಗುತ್ತ ವೇದಿಕೆಗೆ ಹಾರಿ, ಸೌಂಡಿನವನಿಗೆ ತನ್ನ ಮೈಕನ್ನು ಪೂರ್ತಿ ಏರಿಸಲು ಹೇಳಿದ.

"ಎಂತ ಮಾಡುವುದು, ಅಂಕಲ್ ಬಿಡುವ ಅಂದಾಜು ಕಾಣುವುದಿಲ್ಲ. ಹಾಗಾದ್ರೆ ಅವರದ್ದೇ ಓದುವ!"

ಮತ್ತು ಪಾದ್ರಿಗಳ ರಾಗದಲ್ಲಿ, ಎಳೆದು ಎಳೆದು, ಅವರ ಹೆಸರನ್ನು ಮನೆತನದ ಸಮೇತ ಹೇಳಿದ. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು.

ಬೆರಳು ಮೇಲೆದ್ದಿತು. ಸ್ವರ ನಿಂತಿತು. ಅವರು ಮುಚ್ಚಳ ಮುಚ್ಚುವವರಂತೆ ಎರಡೂ ಅಂಗೈಗಳನ್ನು ಕೀಬೋರ್ಡಿನ ಮೇಲೆ ಮೆಲ್ಲಗೆ ಇಟ್ಟು, ಲ್ಯಾನ್ಸಿಯನ್ನು ನೋಡಿ ಮುಗುಳ್ನಕ್ಕು, ತಲೆಯಾಡಿಸಿದರು.

"ಖಲಾಸ್, ಮಗಾ."

ರಂಜಾನ್ ತಿಂಗಳು ಬರುವ ಮೊದಲೇ ಅವರು ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. "ಪಪ್ಪನಿಗೆ ಹಾರ್ಟಿನದ್ದು ಮೊದಲಿಂದಲೇ ಉಂಟಲ್ಲ ಟೀಚರ್. ಸ್ಟೆಂಟ್ ಹಾಕಿದ್ದು ಮುಂಚೆಯೇ. ಡಾಕ್ಟರು ಹೇಳಿದ್ದರು" ಎಂದಳು ಮಗಳು. ಯಾವ ವೇದಿಕೆಯ ಮೇಲೆ ಬೇಕಾದರೂ ನಿಂತು ಇದನ್ನು ನಾನು ಹೇಳಬಲ್ಲೆ: ಅವರು ಹೃದಯದ ಕಾಯಿಲೆಯಿಂದ, ವಯಸ್ಸಿನಿಂದ ಸತ್ತರು. ಇದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ದೇಹವನ್ನು ಊರಿಗೆ ಒಯ್ದು ಮಣ್ಣುಮಾಡಿ ಮಗಳು ಮರಳಿ ಬಂದಳು.

ಲ್ಯಾನ್ಸಿ ನಗುವುದನ್ನು ಬಿಟ್ಟ. ಕಾರ್ಯದರ್ಶಿ ಸ್ಥಾನ ಬೇಡವೆಂದ. ಯಾರೋ ಚಿತ್ರೀಕರಿಸಿದ ಆ ಸಂಜೆಯ ವಿಡಿಯೋ ಅವನ ಫೋನಿನಲ್ಲಿತ್ತು. ಕೆಲಸದ ನಡುವೆ ಅದನ್ನೇ ನೋಡುತ್ತ ಕೂರುತ್ತಾನೆಂದು ಅವನ ಹೆಂಡತಿ ನನಗೆ ಹೇಳಿದಳು. ನಾನು ಅವನನ್ನು ಕೂರಿಸಿಕೊಂಡು ತರ್ಕಬದ್ಧವಾಗಿ, ಒಂದೊಂದೇ ಹೆಜ್ಜೆಯಾಗಿ ವಿವರಿಸಿದೆ: ಸ್ಟೆಂಟು, ರಕ್ತದೊತ್ತಡ, ವಯಸ್ಸು.

"ಹೌದು ಟೀಚರ್. ನೀವು ಹೇಳುವುದೆಲ್ಲ ಸರಿ" ಎಂದ. "ಆದ್ರೆ ಹುಡುಗ ಬಾಯಿ ತೆರೆದಾಗ ಅವರು ನಿಲ್ಲಿಸ್ಲಿಲ್ಲ. ನಾನು ಹೇಳಿದ ಮೇಲೆ ನಿಲ್ಲಿಸಿದ್ರು. ನನ್ನ ಮುಖ ನೋಡಿ ಖಲಾಸ್ ಅಂದ್ರು. ನೀವೂ ನೋಡಿದ್ದೀರಿ."

"ತಮಾಷೆಗಪ್ಪಾ ಅಂದದ್ದು!"

"ನಾನು ಸಹ ತಮಾಷೆಗೇ ಹೇಳಿದ್ದು."

ಅವರ ಬಗ್ಗೆ ಬರೆಯುತ್ತೇನೆಂದಾಗ ಅವನು ಒಂದೇ ಒಂದು ಬೇಡಿಕೆ ಇಟ್ಟ, ಅವರ ಹೆಸರು ಮಾತ್ರ ಎಲ್ಲೂ ಬರಬಾರದು. ನಾನು ಅದನ್ನು ಪಾಲಿಸಿದ್ದೇನೆ. ಹೆಸರಿನಲ್ಲಿ ಶಕ್ತಿಯಿದೆಯೆಂದು ಒಪ್ಪಿ ಅಲ್ಲ. ಲ್ಯಾನ್ಸಿಗೆ ಈಗ ಅದನ್ನು ಓದುವ ಶಕ್ತಿಯಿಲ್ಲವೆಂದು.

ತಿಂಗಳು ತುಂಬಿದಾಗಿನ ಬಲಿಪೂಜೆಗೆ ಮಗಳು ನಮ್ಮಿಬ್ಬರನ್ನೂ ಕರೆದಳು. ಮುಸಫ್ಫಾದ ಚರ್ಚು, ಬೆಳಗಿನ ಕೊಂಕಣಿ ಪೂಜೆ. ದೇವರನ್ನು ನಂಬದ ನಾನು ಹಿಂದಿನ ಬೆಂಚಿನಲ್ಲಿ ಲ್ಯಾನ್ಸಿಯ ಪಕ್ಕ ಕುಳಿತೆ. ಭಾಷೆ ತಿಳಿಯದಿದ್ದರೂ, ಆ ಜಾಗ ಬಂದಾಗ ನನಗೆ ಗೊತ್ತಾಯಿತು. ಪಾದ್ರಿಗಳು ಉಸಿರು ತೆಗೆದುಕೊಂಡರು. ಅಂಕಲ್‌ರ ಹೆಸರು ಹೇಳಿದರು. ಮುಂದಿನ ಬೆಂಚಿನಲ್ಲಿ ಮಗಳ ಹೆಗಲು ಕುಸಿಯಿತು. ನನ್ನ ಪಕ್ಕದಲ್ಲಿ ಲ್ಯಾನ್ಸಿಯ ತುಟಿಗಳು ಅಲುಗಿದವು. ಅವನೂ ಒಂದು ಹೆಸರು ಹೇಳಿದ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಅದು ಅಂಕಲ್‌ರ ಹೆಸರಲ್ಲ. ಅವನದೇ.

ನನ್ನ ಕಣ್ಣಿಗೆ ಮುಂಬಯಿಯ ರೈಲುಹಳಿ ಕಟ್ಟಿತು. ಪೂಜೆ ಮುಗಿಯುತ್ತಲೇ ಅವನು ಯಾರಿಗೂ ಹೇಳದೆ ಹೊರಟ. ಪಾರ್ಕಿಂಗಿನಲ್ಲಿ ಓಡಿ ಹಿಡಿದೆ.

"ಕೀಲಿ ಕೊಡಪಾ."

"ಎಂತಕ್ಕೆ ಟೀಚರ್? ನನಗೆ ಡ್ಯೂಟಿ ಉಂಟು. ದೇರಾಕ್ಕೆ ಹೋಗ್ಬೇಕು."

"ನಾನೂ ಬರ್ತೀನಿ."

"ನಿಮ್ಮ ಮನೆ ಇಲ್ಲೇ ಉಂಟಲ್ಲ."

"ಇರ್ಲಿ. ಕೀಲಿ ಕೊಡು."

ನಾನು ಬಿಸಿಲಿನಲ್ಲಿ ಕೈ ಚಾಚಿಯೇ ನಿಂತೆ. ಕೊನೆಗೆ ಅವನು ಕೀಲಿಯನ್ನು ನನ್ನ ಅಂಗೈಗೆ ಹಾಕಿ, ಆ ಕಡೆಯ ಬಾಗಿಲು ತೆಗೆದು ಕುಳಿತ. ಅವನ ಹೆಂಡತಿಗೆ ಫೋನ್ ಮಾಡಿ, ಹೋಟೆಲಿನ ಕೆಳಗೆ ಬಂದು ನಿಂತಿರು ಎಂದು ಹೇಳಿ ದುಬೈ ರಸ್ತೆ ಹಿಡಿದೆ. ದಾರಿಯುದ್ದಕ್ಕೂ ನಾನು ಒಂದೂ ವಾದ ಹೂಡಲಿಲ್ಲ. ಲ್ಯಾನ್ಸಿ, ಏಸಿ ಕಡಿಮಿ ಮಾಡ್ಲೇನು? ಎಂದೆ. ಲ್ಯಾನ್ಸಿ, ನೀರು ಬೇಕೇನು? ಲ್ಯಾನ್ಸಿ, ಮಕ್ಕಳ ಶಾಲೆ ಎಷ್ಟಕ್ಕ ಬಿಡ್ತದ? ಪ್ರತಿಸಲ ಹೆಸರು ಹಿಡಿದು ಕರೆದು, ಅವನು "ಹಾಂ" ಎನ್ನುವವರೆಗೆ ಕಾದು, ಮುಂದಿನದನ್ನು ಕೇಳುತ್ತಿದ್ದೆ. ದುಬೈ ಗಡಿಯ ಘಂತೂತ್ ದಾಟಿದ ಮೇಲೆ ಒಮ್ಮೆ ಅವನು ಓಗೊಡಲಿಲ್ಲ. ಕಿಟಕಿಯಾಚೆ ನೋಡುತ್ತ ಕೂತಿದ್ದ.

ಮತ್ತೆ ಕರೆದೆ.